ನೋಡೋದಕ್ಕೂ ದುಡ್ಡಾ?

ಕಾರಿನ ಡ್ಯಾಶ್‌ಬೋರ್ಡ್ ಖಾನೆಯಲ್ಲಿ ನನ್ನದೊಂದು ನೋಟ್‌ಬುಕ್ಕಿದೆ. ಪೆಟ್ರೋಲ್ ಹಾಕಿಸಿದಾಗಲೆಲ್ಲ ತಾರೀಕು, ಕಿಲೋಮೀಟರು, ಲೀಟರು, ರೂಪಾಯಿ ಬರೆದಿಡುತ್ತೇನೆ. ಮನೆಯವಳು ಅದನ್ನು ‘ಚಿತ್ರಗುಪ್ತನ ಕಡತ’ ಅಂತ ಆಡಿಕೊಳ್ಳುತ್ತಾಳೆ. ಕೊನೆಗೆ ನನ್ನ ಮಾನ ಉಳಿಸಿದ್ದು ಆ ಕಡತವೇ.

2007ರ ಕಾರು, 35 ಲೀಟರಿನ ಟ್ಯಾಂಕು. ಶಿವಮೊಗ್ಗದೊಳಗಿನ ಓಡಾಟ, ನಡುವೆ ತೀರ್ಥಹಳ್ಳಿಗೆ ಹೋಗಿಬರುವುದು ಎಲ್ಲ ಸೇರಿ ತಿಂಗಳಿಗೆ 600 ಕಿ.ಮೀ. ಲೀಟರಿಗೆ 16 ಕೊಡುತ್ತಿದ್ದದ್ದು 2025ರ ಬೇಸಿಗೆಯಲ್ಲಿ 14ಕ್ಕಿಳಿಯಿತು. ಅಂದರೆ ತಿಂಗಳಿಗೆ ಐದು ಲೀಟರಿಗೂ ಹೆಚ್ಚು, 500 ರೂಪಾಯಿಗೂ ಮೇಲೆ ಎಲ್ಲೋ ಹೋಗುತ್ತಿತ್ತು.

ಕೇಳಿದವರೆಲ್ಲ ಎಥೆನಾಲನ್ನು ದೂರಿದರು. ಅದೂ ಪೂರ್ತಿ ಸುಳ್ಳಲ್ಲ. ಒಂದು ಲೀಟರ್ ಎಥೆನಾಲಿನಲ್ಲಿರುವುದು ಪೆಟ್ರೋಲಿನ ಮೂರನೇ ಎರಡು ಪಾಲು ಶಕ್ತಿ. ಶೇ 20ರಷ್ಟು ಬೆರೆಸಿದರೆ ಮೈಲೇಜು ಹೆಚ್ಚೆಂದರೆ ಶೇ 7 ಬಿದ್ದೀತು. ನನ್ನದು ಶೇ 12 ಬಿದ್ದಿತ್ತು. ಊರಿನ ಒಂದು ಗ್ಯಾರೇಜಿಗೆ ಹೋದೆ. ಪ್ಲಗ್ಗು, ಏರ್ ಫಿಲ್ಟರು ಹೊಸದಾದವು, ಇಂಜೆಕ್ಟರ್ ಕ್ಲೀನಿಂಗೂ ಆಯಿತು. ಬಿಲ್ಲು 4,300. ಮೈಲೇಜು ಮಾತ್ರ 14ರಿಂದ ಅಲ್ಲಾಡಲಿಲ್ಲ.

“ರೀ, ಶೆಡ್ಡಿನಲ್ಲಿ ಪೆಟ್ರೋಲ್ ವಾಸನೆ” ಅಂತ ಮನೆಯವಳು ಒಂದು ಬೆಳಗ್ಗೆ ಅಂದಳು. ನೆಲ ನೋಡಿದೆ, ಒಣಗಿತ್ತು. ಪೆಟ್ರೋಲು ಎಣ್ಣೆಯ ಹಾಗೆ ಕಲೆ ಬಿಟ್ಟು ಕೂರುವುದಿಲ್ಲ, ಬೇಸಿಗೆಯಲ್ಲಂತೂ ನೆಲ ಮುಟ್ಟಿದ್ದೇ ತಡ ಆರಿಹೋಗುತ್ತದೆ. ಅದರ ಆವಿ ಗಾಳಿಗಿಂತ ಭಾರ. ಮುಚ್ಚಿದ ಶೆಡ್ಡಿನಲ್ಲಿ ನೆಲಮಟ್ಟದಲ್ಲೇ ನಿಂತಿರುತ್ತದೆ. ನಮ್ಮ ಬೋರ್‌ವೆಲ್ ಮೋಟರಿನ ಸ್ವಿಚ್ಚೂ ಅದೇ ಶೆಡ್ಡಿನಲ್ಲಿದೆ. ಒಂದು ಕಿಡಿ ಹಾರಿದ್ದರೆ ಈ ಅಂಕಣವನ್ನು ಬೇರೆ ಯಾರೋ ಬರೆಯಬೇಕಾಗುತ್ತಿತ್ತು. ಅವತ್ತೇ ಕಾರನ್ನು ಬಯಲಿನಲ್ಲಿ ನಿಲ್ಲಿಸಿದೆ.

ರಾತ್ರಿ ಕಡತ ಬಿಡಿಸಿ ಕೂತೆ. ಕೈ ಬಿಗಿಯಾಗಿದ್ದ ಎರಡು ತಿಂಗಳು ಸಾವಿರ ಸಾವಿರದ್ದೇ ಹಾಕಿಸಿದ್ದೆ. ಆಗ ಸರಾಸರಿ 15.5 ಬಂದಿತ್ತು. ಫುಲ್ ಟ್ಯಾಂಕ್ ಮಾಡಿಸಿದ ತಿಂಗಳುಗಳಲ್ಲೇ 14. ಟ್ಯಾಂಕು ತುಂಬಿದ್ದಾಗ ಮಾತ್ರ ನಷ್ಟವೆಂದರೆ, ತೂತು ಇರುವುದು ಮೇಲ್ಭಾಗದಲ್ಲಿ!

ಹೆದ್ದಾರಿ ಪಕ್ಕದ ಶೆಡ್ಡಿನ ಹಿರಿಯ ಮೆಕ್ಯಾನಿಕ್ಕಿಗೆ ಇಷ್ಟನ್ನೂ ಹೇಳಿದೆ. “ನೋಡೋದಕ್ಕೇ 300 ಆಗುತ್ತೆ ಸಾರ್. ಸಿಗದಿದ್ದರೂ ಕೊಡಬೇಕು” ಅಂದರು. ನೋಡೋದಕ್ಕೂ ದುಡ್ಡಾ ಅಂತ ಬಾಯಿಯವರೆಗೆ ಬಂದ ಮಾತನ್ನು ನುಂಗಿಕೊಂಡೆ. ಗ್ಯಾರೇಜಿನವರು ನೋಡಿದ್ದಕ್ಕೆ ಬಿಡಿಗಾಸೂ ತೆಗೆದುಕೊಂಡಿರಲಿಲ್ಲ, ನಿಜ. ಅವರು ನೋಡಿಯೂ ಇರಲಿಲ್ಲ.

ಇವರು ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿದರು. ಕಾರಿನ ಹಿಂಭಾಗ ಎತ್ತಿ ಸ್ಟ್ಯಾಂಡ್ ಕೊಟ್ಟು, ಟಾರ್ಚು ಹಿಡಿದು ಕೆಳಗೆ ತೂರಿದರು. ಹುಡುಕಿದ್ದು ಒದ್ದೆಯನ್ನಲ್ಲ, ಸ್ವಚ್ಛವಾದ ಜಾಗವನ್ನು. ಹದಿನೆಂಟು ವರ್ಷದ ಧೂಳು ಕೆಸರು ಮೆತ್ತಿದ ಅಡಿಭಾಗದಲ್ಲಿ ಒಂದು ಕಡೆ ಮಾತ್ರ ತೊಳೆದಿಟ್ಟ ಹಾಗಿತ್ತು, ಅಂಚಿನಲ್ಲಿ ಕಂದು ಗೆರೆ. ಅದರ ಮೇಲುಗಡೆಯೇ ಇತ್ತು, ಪೆಟ್ರೋಲ್ ಹಾಕುವ ಬಾಯಿಯಿಂದ ಟ್ಯಾಂಕಿಗೆ ಹೋಗುವ ರಬ್ಬರ್ ಕೊಳವೆ. ಬಗ್ಗಿಸಿದರೆ ಒಣಗಿದ ಕೆರೆಯ ಹಾಗೆ ಬಿರುಕು. ಬಂಕಿನಲ್ಲಿ ಆಟೊ ಕಟ್ ಆದ ಮೇಲೂ “ರೌಂಡ್ ಫಿಗರ್ ಮಾಡಪ್ಪಾ” ಎನ್ನುವ ನನ್ನ ಚಟದಿಂದ ಆ ಕೊಳವೆಯವರೆಗೂ ಪೆಟ್ರೋಲ್ ನಿಲ್ಲುತ್ತಿತ್ತು. ಬಿಸಿಲಿಗೆ ಹಿಗ್ಗಿದಾಗ, ತಿರುವಿನಲ್ಲಿ ತುಳುಕಿದಾಗ ಸೋರುತ್ತಿತ್ತು.

ಕೊಳವೆಗೆ 650, ಎರಡು ಕ್ಲಿಪ್ಪಿಗೆ 60, ಕೂಲಿ 400. ನೋಡಿದ 300 ಬೇರೆ. ಒಟ್ಟು 1,410.

ಅವರು ಅಷ್ಟಕ್ಕೇ ಬಿಡಲಿಲ್ಲ. ಟ್ಯಾಂಕಿನಿಂದ ಎಂಜಿನ್‌ವರೆಗಿನ ಎಲ್ಲ ರಬ್ಬರನ್ನೂ ಹಿಚುಕಿ ನೋಡಿದರು. ಕೆಲವು ಹಳೆಯ ಗಾಡಿಗಳಲ್ಲಿ, ಶೇ 20 ಎಥೆನಾಲ್ ಬೆರೆತ ಪೆಟ್ರೋಲಿನಲ್ಲಿ 20,000–30,000 ಕಿ.ಮೀ. ಓಡಿದ ಮೇಲೆ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು ಎಂದು ಕೇಂದ್ರ ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟ್‌ನಲ್ಲಿ ಒಪ್ಪಿಕೊಂಡಿದೆ. ಬದಲಿಸುವಾಗ ಎಂಜಿನ್ ಕಡೆಯ ಪೈಪಿನಲ್ಲಿ ಜಿಪುಣತನ ಬೇಡ. ಇಂಜೆಕ್ಷನ್ ಕಾರಿನಲ್ಲಿ ಅಲ್ಲಿನ ಒತ್ತಡ ಸುಮಾರು 3 ಬಾರ್, ಟಯರಿನ ಗಾಳಿಗಿಂತ ಹೆಚ್ಚು; ಮೀಟರ್ ಲೆಕ್ಕದಲ್ಲಿ ಸಿಗುವ ಮಾಮೂಲಿ ಪೈಪು ತಡೆಯುವುದಿಲ್ಲ. ಸೋರುವ ಜಾಗಕ್ಕೆ ಬಟ್ಟೆ ಸೋಪು ಮೆತ್ತುವ ಹಳೆಯ ಉಪಾಯ ಗ್ಯಾರೇಜು ಮುಟ್ಟುವವರೆಗೂ ನಂಬುವಂಥದ್ದಲ್ಲ.

ಈಗ ಕಡತದಲ್ಲಿ 15.5 ಇದೆ. ಉಳಿದ ಅರ್ಧ ಎಥೆನಾಲಿನ ಪಾಲು ಅಂತ ಬರೆದುಕೊಂಡಿದ್ದೇನೆ. 2027ಕ್ಕೆ ಕಾರಿಗೆ 20 ತುಂಬುತ್ತದೆ. 20 ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ ಈಗ 10,000 ರೂಪಾಯಿ. ಮಾರುವುದೋ ಇಟ್ಟುಕೊಳ್ಳುವುದೋ ಆಗ ನೋಡೋಣ, 1,410 ರೂಪಾಯಿಯ ಸೋರಿಕೆಗೆ ಹೆದರಿ ಮಾರುವುದಿಲ್ಲ. ನಿಮ್ಮದೂ ಹಳೆಯ ಕಾರಾದರೆ, ಮುಂದಿನ ಸಲ ಟ್ಯಾಂಕು ತುಂಬಿಸಿದ ಮರುದಿನ ಬೆಳಗ್ಗೆ, ಕೀಲಿ ತಿರುಗಿಸುವ ಮುಂಚೆ, ಹಿಂದಿನ ಚಕ್ರದ ಹತ್ತಿರ ಒಮ್ಮೆ ಬಗ್ಗಿ ಮೂಸಿ ನೋಡಿ.