ಶಿವಮೊಗ್ಗಕ್ಕೆ ಬಂದವರು ಎಲ್ಲಿ ಉಣ್ಣಬೇಕು?

ಜೋಗ, ಸಕ್ರೆಬೈಲು ನೋಡಲೆಂದು ಬಂದು ರಾಗಿಗುಡ್ಡದ ನೆಂಟರ ಮನೆಯಲ್ಲಿ ಉಳಿದಿದ್ದೀರಾ? ಬೆಳಗಿನ ತಿಂಡಿಗೆ ಬಿ.ಎಚ್. ರಸ್ತೆಯ ಮೀನಾಕ್ಷಿ ಭವನಕ್ಕೆ ಹೋಗಿ ಒಂದು ದೋಸೆ ತಿನ್ನಿ. ರಜೆಯ ದಿನ ಜಾಗಕ್ಕೆ ಕಾಯಬೇಕಾದೀತು, ಬೇಗ ಹೊರಡಿ. ಸಕ್ರೆಬೈಲಿನ ಆನೆಗಳ ಸ್ನಾನ ನೋಡಲು ಸಿಗುವುದೂ ಬೆಳಿಗ್ಗೆಯೇ.

ಮಧ್ಯಾಹ್ನಕ್ಕೆ ಮಾತ್ರ ನನ್ನದೊಂದು ಒತ್ತಾಯವಿದೆ. ಗೋಬಿ ಮಂಚೂರಿ ಎಲ್ಲ ಊರಲ್ಲೂ ಸಿಗುತ್ತದೆ. ಇಲ್ಲಿಗೆ ಬಂದ ಮೇಲೆ ಮಲೆನಾಡಿನ ಅಡುಗೆಯನ್ನೇ ಕೇಳಿ. ಮಳೆಗಾಲವಾದರೆ ಕಳಲೆ ಪಲ್ಯ, ಕೆಸುವಿನ ಪತ್ರೊಡೆ ಬಿಡಬೇಡಿ. ಕಳಲೆಯೆಂದರೆ ಎಳೆ ಬಿದಿರು; ಅದನ್ನು ಸಣ್ಣಗೆ ಹೆಚ್ಚಿ, ದಿನವೂ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ, ಚೆನ್ನಾಗಿ ಬೇಯಿಸಿದರೇನೇ ಅದರ ಕಹಿಯೂ ನಂಜೂ ಹೋಗುವುದು. ಇಷ್ಟು ಕೆಲಸವಿರುವುದರಿಂದ ದೊಡ್ಡ ಹೋಟೆಲುಗಳ ಬೋರ್ಡಿನಲ್ಲಿ ಅದು ಕಾಣುವುದು ಅಪರೂಪ. ಮನೆಯೂಟದ ಮೆಸ್ಸಿನಲ್ಲಿ ಹಿಂದಿನ ದಿನವೇ ವಿಚಾರಿಸಿಡಿ. ಸಿಗದಿದ್ದರೆ ಬಿಸಿ ಅಕ್ಕಿ ರೊಟ್ಟಿ, ಎಣ್ಣೆಗಾಯಿ ಇದ್ದೇ ಇದೆ. ಅಪ್ಪೆಮಿಡಿ ಉಪ್ಪಿನಕಾಯಿ ಬಡಿಸಿದರೆ ಮಿಡಿಯನ್ನು ಕಚ್ಚುವ ಮೊದಲು ಒಮ್ಮೆ ಮೂಸಿ ನೋಡಿ. ಆ ಸೊನೆಯ ಘಮ ಬೇರೆ ಮಾವಿಗಿಲ್ಲ.

ಸಂಜೆ ಗಾಂಧಿ ಬಜಾರಿನ ಕಡೆ ಸುತ್ತಾಡಿ. ಮಂಡಕ್ಕಿ, ಮೆಣಸಿನಕಾಯಿ ಬೋಂಡ ತಿನ್ನುವ ಮುನ್ನ ಬಾಣಲೆಯ ಎಣ್ಣೆ ನೋಡಿ. ಕಪ್ಪಾಗಿದ್ದರೆ ಮುಂದಿನ ಗಾಡಿಗೆ ನಡೆಯಿರಿ.