ಅಮಲಿಗೆ ಸಿಕ್ಕಿದವನು ನಮ್ಮ ನೆರೆಯವನೋ?

(ಪಾಠ: ಲೂಕನ ಸುವಾರ್ತೆ 10ನೇ ಅಧ್ಯಾಯ, 25ರಿಂದ 37ನೇ ವಚನಗಳು)

ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿದುಹೋಗುತ್ತಿದ್ದ ಮನುಷ್ಯನ ಸಾಮ್ಯವನ್ನು ನೀವೆಲ್ಲರೂ ಬಲ್ಲಿರಿ. ಆದರೆ ಅದರಲ್ಲಿಯ ಒಂದು ಸಂಗತಿಯನ್ನು ನಾವು ಓದಿಯೂ ಓದದವರಂತೆ ದಾಟಿಹೋಗುತ್ತೇವೆ. ಅದೇನಂದರೆ, ಸಮಾರ್ಯದವನು ಬಿದ್ದವನಿಗೆ ಒಂದು ಪ್ರಶ್ನೆಯನ್ನಾದರೂ ಹಾಕಲಿಲ್ಲ. ಕಳ್ಳರ ಭಯವುಳ್ಳ ದಾರಿಯಲ್ಲಿ ಒಬ್ಬನೇ ಯಾಕೆ ಬಂದೆ, ಇನ್ನು ಮುಂದೆ ಬಾರೆನೆಂದು ಮಾತು ಕೊಡುವೆಯಾ ಎಂದು ವಿಚಾರಿಸದೆ ಮೊದಲು ಗಾಯಗಳನ್ನು ಕಟ್ಟಿದನು. ಇದು ಸುಲಭವಾದ ಪಾಠವೆಂದು ತೋರುವುದು. ಬಿದ್ದವನು ತನ್ನ ಕೈಯಿಂದಲೇ ಗಾಯಮಾಡಿಕೊಂಡವನಾಗಿದ್ದರೆ, ನಾಳೆಯೂ ಮಾಡಿಕೊಳ್ಳುವವನಾಗಿದ್ದರೆ, ಆಗಲೂ ಸುಲಭವೋ? ಈ ಪ್ರಶ್ನೆಯು ನಮ್ಮ ದೇಶದ ಒಂದು ಸೀಮೆಯ ಸಭೆಗಳಿಗೆ ನಿಜವಾಗಿಯೇ ಬಂದೊದಗಿತು.

ಮಣಿಪುರ ರಾಜ್ಯವು ಈಶಾನ್ಯ ಮೂಲೆಯಲ್ಲಿ ಬರ್ಮಾ ಎಂದು ಹಿಂದೆ ಕರೆಯುತ್ತಿದ್ದ ಮ್ಯಾನ್ಮಾರ್ ದೇಶಕ್ಕೆ ತಗಲಿಕೊಂಡಿದೆ. ಅಲ್ಲಿಯ ಬೆಟ್ಟದ ಜನರಲ್ಲಿ ಬಹುಮಂದಿ ನಮ್ಮಂತೆ ಪ್ರೊಟೆಸ್ಟಂಟ್ ಸಭೆಗಳಿಗೆ ಸೇರಿದವರು. 1980ರ ಮುಂದಿನ ವರುಷಗಳಲ್ಲಿ ಗಡಿಯಾಚೆಯಿಂದ ಹೆರಾಯಿನ್ ಎಂಬ ಅಮಲುಪುಡಿಯು ಅಲ್ಲಿಗೆ ಬಂದಿತು. ಅದು ಅಫೀಮಿನಿಂದ ಮಾಡುವಂಥದು. ಯೌವನಸ್ಥರು ಅದನ್ನು ನೀರಿನಲ್ಲಿ ಕರಗಿಸಿ ಸೂಜಿಯಿಂದ ರಕ್ತನಾಳಕ್ಕೆ ಚುಚ್ಚಿಕೊಳ್ಳತೊಡಗಿದರು. ತಂದೆತಾಯಿಗಳು ಅತ್ತರು, ಗದರಿಸಿದರು. ಕೆಲವರು ಹೆತ್ತ ಮಕ್ಕಳನ್ನು ತಾವೇ ಸೆರೆಮನೆಗೆ ಒಪ್ಪಿಸಿದರು. ಬಂದೂಕು ಹಿಡಿದ ಗುಂಪಿನವರು ಇಂಥವರ ಕಾಲಿಗೆ ಗುಂಡಿಕ್ಕಿದ್ದೂ ಉಂಟು. ಸೂಜಿ ಕೈಯಲ್ಲಿ ಸಿಕ್ಕಿದರೆ ಪೊಲೀಸರು ಹಿಡಿಯುವರೆಂಬ ಭಯ; ಔಷಧದಂಗಡಿಯವರಿಗೆ ಮಾರುವ ಭಯ. ಆದಕಾರಣ ಹನಿ ಹಾಕುವ ರಬ್ಬರಿನ ಡ್ರಾಪರಿಗೆ ಸೂಜಿ ಸಿಕ್ಕಿಸಿ, ಆ ಒಂದನ್ನೇ ಹಲವರು ಬಳಸಿದರು.

ಇಷ್ಟೆಲ್ಲಾ ಶಿಕ್ಷೆಯಿಂದ ಅಮಲು ನಿಂತಿತೋ? ನಿಲ್ಲಲಿಲ್ಲ. ಒಬ್ಬನ ರಕ್ತವು ಸೂಜಿಯೊಳಗೆ ಉಳಿದು ಮತ್ತೊಬ್ಬನ ಮೈಗೆ ಹೋಗುವುದರಿಂದ ಏಡ್ಸ್ ರೋಗದ ಎಚ್.ಐ.ವಿ. ವಿಷಾಣುವು ಹರಡಿತು. 1989ರ ಸೆಪ್ಟೆಂಬರ್ ತನಕ ಪರೀಕ್ಷಿಸಲ್ಪಟ್ಟ ಸೂಜಿ ಬಳಸುವವರಲ್ಲಿ ಅದು ಕಂಡಿರಲೇ ಇಲ್ಲ. ಆರು ತಿಂಗಳೊಳಗೆ ಅಂಥವರಲ್ಲಿ ಸುಮಾರು ಅರ್ಧ ಮಂದಿಗೆ ತಗಲಿತ್ತು. ಅವರಿಂದ ಹೆಂಡಂದಿರಿಗೆ, ಹೆಂಡಂದಿರಿಂದ ಹಾಲುಗೂಸುಗಳಿಗೆ ಹೋಯಿತು. ಸೂಜಿಯನ್ನು ಕಣ್ಣಿಂದಲೂ ಕಾಣದ ಹೆಂಗಸರು ಈ ರೋಗದಿಂದ ಸತ್ತರು. ಇದನ್ನು ಪಾಪಕ್ಕೆ ತಕ್ಕ ಶಿಕ್ಷೆಯೆಂದು ಹೇಳುವವರು ಆ ಕೂಸುಗಳ ವಿಷಯದಲ್ಲಿ ಏನು ಹೇಳುವರೋ!

1995ರ ಸುಮಾರಿಗೆ ಮಣಿಪುರದ ಬೆಟ್ಟದೂರಾದ ಚುರಾಚಾಂದ್‌ಪುರದಲ್ಲಿ, ಇಮ್ಮಾನುಯೇಲ್ ಆಸ್ಪತ್ರೆ ಸಂಘವೆಂಬ ಕ್ರೈಸ್ತ ವೈದ್ಯಸೇವಾ ಸಂಘದ ಆಶ್ರಯದಲ್ಲಿ, ‘ಶಾಲೋಮ್’ ಎಂಬ ಕೆಲಸವು ಆರಂಭವಾಯಿತು. ಕೆಲಸದವರು ಅಮಲಿನವರು ಇರುವಲ್ಲಿಗೇ ಹೋದರು. ಕೀವುಗಟ್ಟಿದ ಹುಣ್ಣುಗಳನ್ನು ತೊಳೆದು ಕಟ್ಟಿದರು. ಹಳೇ ಸೂಜಿಯನ್ನು ಇಸಕೊಂಡು ಶುದ್ಧವಾದ ಹೊಸ ಸೂಜಿಯನ್ನು ಕೊಟ್ಟರು. ಈ ಕೆಲಸಕ್ಕೆ, ಹಿಂದೆ ತಾವೇ ಆ ಕೆಸರಿನಲ್ಲಿದ್ದು ಎದ್ದು ಬಂದವರು ಬಹಳ ಪ್ರಯೋಜನವಾದರು. ಯಾಕಂದರೆ ಅವರ ಮಾತನ್ನು ಬಿದ್ದವರು ನಂಬಿದರು. 1996ರಲ್ಲಿ ಮಣಿಪುರ ಸರಕಾರವೂ ಈ ಕ್ರಮವನ್ನು ತನ್ನ ನೀತಿಯಲ್ಲಿ ಸೇರಿಸಿತು.

ಇಲ್ಲಿ ನಿಮ್ಮಲ್ಲಿ ಅನೇಕರು ಮುಖ ಗಂಟಿಕ್ಕುವಿರೆಂದು ಬಲ್ಲೆವು. ಸಭೆಯವರು ಅಮಲಿನವನ ಕೈಗೆ ಸೂಜಿ ಕೊಡುವುದೆಂದರೆ ಪಾಪಕ್ಕೆ ಸಹಾಯವಲ್ಲವೋ? ಈ ಸಂದೇಹವು ಹಗುರವಾದದ್ದಲ್ಲ. ಆದರೆ ವಿಚಾರಿಸಿರಿ: ಸೂಜಿಯನ್ನು ಕೇಳಲು ಬಂದವನು ಆಗಲೇ ಅಮಲಿನ ದಾಸನಾಗಿದ್ದಾನೆ, ಹೊಸದನ್ನು ಕೊಡದಿದ್ದರೆ ಹಳೆಯದರಿಂದ ಚುಚ್ಚಿಕೊಳ್ಳುವನು. 2004ರಲ್ಲಿ ಲೋಕ ಆರೋಗ್ಯ ಸಂಸ್ಥೆಯವರು ಅನೇಕ ದೇಶಗಳ ವರದಿಗಳನ್ನು ಶೋಧಿಸಿ, ಇದರಿಂದ ಎಚ್.ಐ.ವಿ. ಕಡಿಮೆಯಾಗುವುದೆಂದೂ ಅಮಲು ಹೆಚ್ಚುವುದೆಂಬುದಕ್ಕೆ ಸಾಕಷ್ಟು ಆಧಾರವಿಲ್ಲವೆಂದೂ ತೀರ್ಮಾನಿಸಿದರು. ಸೂಜಿಯು ಅವನನ್ನು ಬಿಡಿಸುವುದೆಂದು ನಾವು ಹೇಳುವುದಿಲ್ಲ; ಬಿಡುಗಡೆಯ ದಿನದ ತನಕ ಅವನು ಬದುಕಿರುವಂತೆ ಮಾಡುವುದು. ಸತ್ತವನಿಗೆ ಮಾನಸಾಂತರವನ್ನು ಸಾರುವವರು ಯಾರು?

ಮನಸ್ಸು ಗಟ್ಟಿಮಾಡಿ ಒಂದೇ ದಿನದಲ್ಲಿ ಬಿಡಬಾರದೋ ಎನ್ನುವಿರಾ? ಬಿಟ್ಟ ಕೆಲವು ತಾಸುಗಳಲ್ಲೇ ಎಲುಬುಗಳಲ್ಲಿ ನೋವು, ವಾಂತಿ, ಭೇದಿ, ನಡುಕ, ನಿದ್ರೆಯಿಲ್ಲದ ರಾತ್ರಿಗಳು ಬರುತ್ತವೆ. ಆದಕಾರಣ ವೈದ್ಯರು ಬುಪ್ರೆನಾರ್ಫಿನ್ ಎಂಬ ಗುಳಿಗೆಯನ್ನು ನಾಲಿಗೆಯ ಕೆಳಗೆ ಇಡಿಸುತ್ತಾರೆ. ಇದೂ ಅಫೀಮಿನ ಜಾತಿಯದೇ. ಒಂದು ಸಂಕೋಲೆಯನ್ನು ಬಿಚ್ಚಿ ಮತ್ತೊಂದನ್ನು ತೊಡಿಸಿದಂತೆ ಎಂದು ಹಳಿಯುವವರಿದ್ದಾರೆ. ಆದರೆ ಈ ಗುಳಿಗೆಯನ್ನು ಕ್ರಮವಾಗಿ ತಿನ್ನುವವನಿಗೆ ಸೂಜಿ ಬೇಡ, ಕದಿಯುವುದು ಬೇಡ. ಹೊಲಕ್ಕೆ ಹೋಗಿ ದುಡಿದು ಮಕ್ಕಳಿಗೆ ಅನ್ನ ಹಾಕಬಲ್ಲನು. ಆ ಮನೆಯ ಹೆಂಡತಿಯನ್ನು ಕೇಳಿದರೆ ಎರಡು ಸಂಕೋಲೆಗಳ ಭೇದವು ತಿಳಿಯುವುದು.

ನಮ್ಮ ಹಳ್ಳಿಗಳಲ್ಲಿ ಇರುವುದು ಕುಡಿತ, ಹೆರಾಯಿನ್ ನಮಗೇತಕ್ಕೆ ಎಂದು ಯಾರೂ ಪುಸ್ತಕ ಮುಚ್ಚಬೇಡಿರಿ. ಪಟ್ಟಣಕ್ಕೆ ದುಡಿಯಲು ಹೋದ ಮಗನು ಇಂಥ ಬಲೆಗೆ ಬೀಳನೆಂದು ಯಾರು ಹೇಳಬಲ್ಲರು? ಬಿದ್ದವನು ಚಿಕಿತ್ಸೆಯ ಮನೆಯಿಂದಾಗಲಿ ಸೆರೆಮನೆಯಿಂದಾಗಲಿ ತಿರುಗಿ ಬಂದಾಗ ಸಂತೋಷಪಡುತ್ತೇವೆ, ಸ್ತೋತ್ರ ಮಾಡುತ್ತೇವೆ. ಅವನಿಗೆ ಅತ್ಯಂತ ಅಪಾಯದ ಕಾಲವು ಅದೇ. ಹೇಗಂದರೆ, ಬಿಟ್ಟಿದ್ದ ದಿನಗಳಲ್ಲಿ ಮೈಯು ಹಿಂದಿನ ತಾಳಿಕೆಯನ್ನು ಕಳಕೊಂಡಿರುತ್ತದೆ. ಒಂದು ಸಾರಿ ಜಾರಿ ಹಳೇ ಅಳತೆಯಷ್ಟೇ ಚುಚ್ಚಿಕೊಂಡರೆ ಉಸಿರು ನಿಲ್ಲುವುದು. ಸಭೆಯವರು ಬಹಿಷ್ಕರಿಸುವರೆಂಬ ಭಯದಿಂದ ಅಡಗಿ ಒಬ್ಬನೇ ಇದ್ದರೆ ಎತ್ತುವವರಿಲ್ಲ. ಆದಕಾರಣ ಮನೆಯವರು ಇದನ್ನು ತಿಳಿದಿರಲಿ: ತುಟಿ ನೀಲಿಯಾಗಿ, ಉಸಿರು ನಿಧಾನವಾಗಿ, ಕರೆದರೆ ಏಳದಿದ್ದರೆ ಕೂಡಲೇ ಆಸ್ಪತ್ರೆಗೆ ಸಾಗಿಸುವ ಏರ್ಪಾಡು ಮಾಡಬೇಕು. ಉಸಿರು ನಿಂತಿದ್ದರೆ ಬಾಯಿಯಿಂದ ಬಾಯಿಗೆ ಉಸಿರು ಊದಬೇಕು. ಆಡುತ್ತಿದ್ದರೆ ಒಂದು ಮಗ್ಗುಲಿಗೆ ಮಲಗಿಸಬೇಕು. ಆಸ್ಪತ್ರೆಯಲ್ಲಿ ನಾಲೋಕ್ಸೋನ್ ಎಂಬ ಔಷಧದಿಂದ ಕೆಲವೇ ನಿಮಿಷಗಳಲ್ಲಿ ಎಚ್ಚರಿಸುತ್ತಾರೆ. ಆದರೆ ಅದರ ಬಲವು ಅರ್ಧ ತಾಸಿನಿಂದ ಒಂದೂವರೆ ತಾಸಿನೊಳಗೆ ಇಳಿಯಬಹುದು, ಅಮಲು ಮೈಯಲ್ಲಿ ಇನ್ನೂ ಉಳಿದಿದ್ದರೆ ಉಸಿರು ಪುನಃ ನಿಲ್ಲಬಹುದು. ಎಚ್ಚರವಾಯಿತೆಂದು ಬಿಟ್ಟುಬರದೆ ಒಬ್ಬರು ಅವನ ಪಕ್ಕದಲ್ಲಿ ಕೂತಿರಬೇಕು.