ಮೇಲೆ ಥಳಕು, ಒಳಗೆ ಹುಳುಕು: ಹಳೆ ಫೈಬರ್ ದೋಣಿಯ ನೆಲ ಮನೆಯಲ್ಲೇ ಹೊಸದು ಮಾಡುವ ಪಾಠ



ಹೊಲಿಗೆ, ಹೈನುಗಾರಿಕೆ, ರೊಟ್ಟಿ ವ್ಯಾಪಾರ ಇವುಗಳಿಗೆ ಸಾಲ ಕೊಡೋದು ನಮ್ಮ ಸಂಘಗಳಿಗೆ ರೂಢಿಯಾಗಿದೆ. ಎಮ್ಮೆ ಹೇಗಿದೆ, ಮಷಿನ್ ಹೇಗಿದೆ ಅಂತ ನೋಡಿದ ಕೂಡಲೇ ನಮಗೆ ಗೊತ್ತಾಗುತ್ತದೆ. ಆದರೆ ಹೊಳೆದಂಡೆಯ ಒಬ್ಬ ಸದಸ್ಯೆ ಎದ್ದು ನಿಂತು, "ಹಳೆ ಎಂಜಿನ್ ದೋಣಿ ಕಡಿಮೆ ರೇಟಿಗೆ ಬಂದೈತಿ. ನೆಲ ಸ್ವಲ್ಪ ಮೆತ್ತಗಾಗೈತಿ, ಅಷ್ಟೇ. ರಿಪೇರಿಗೆ ಸಾಲ ಕೊಡ್ರಿ" ಅಂತ ಕೇಳಿದರೆ ಏನು ಮಾಡ್ತೀರಿ? ಆ "ಸ್ವಲ್ಪ ಮೆತ್ತಗೆ" ಅನ್ನೋ ಮಾತಿನ ಹಿಂದೆ ಏನಿದೆ ಅಂತ ತಿಳಿದಿದ್ದರೆ ಸಂಘದ ಹಣವೂ ಉಳಿಯುತ್ತದೆ, ದೋಣಿಯಲ್ಲಿ ಕೂರುವವರ ಜೀವವೂ ಉಳಿಯುತ್ತದೆ.

ಪಾರ್ವತಿನಗರದ ಅಕ್ಕಂದಿರು "ನಮಗೆ ಹೊಳೆ ಎಲ್ಲೈತಿ?" ಅನ್ನಬಹುದು. ಅವರಿಗೂ ಈ ಪಾಠ ಬೇಕು. ಬಚ್ಚಲಮನೆಯ ಬಾಗಿಲು, ಸಿಂಕಿನ ಕೆಳಗಿನ ಕಪಾಟು ಕೊಳೆಯುವ ರೀತಿಯೂ ಇದೇ.

ಹರಿಗೋಲಿಗೂ ಫೈಬರ್ ದೋಣಿಗೂ ಏನು ವ್ಯತ್ಯಾಸ?

ತುಂಗಭದ್ರೆಯ ದಂಡೆಯಲ್ಲಿ, ಕೆಂಚನಗುಡ್ಡ, ಕಂಪ್ಲಿ, ಆನೆಗೊಂದಿ ಕಡೆ ನಮ್ಮ ಹಿರಿಯರು ಬಳಸಿದ್ದು ಹರಿಗೋಲು. ಬಿದಿರಿನ ಸೀಳು ಹೆಣೆದು, ಮೇಲೆ ಚರ್ಮ ಹೊದಿಸುತ್ತಿದ್ದರು. ಆಮೇಲೆ ಚೀಲ, ಪ್ಲಾಸ್ಟಿಕ್ ಹೊದಿಸಿ ಟಾರು ಬಳಿಯುವುದು ಬಂತು. ಹರಿಗೋಲಿನ ಒಳಗೆ ಮುಚ್ಚುಮರೆ ಇಲ್ಲ. ಬಿದಿರು ಕೊಳೆತರೆ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ.

ಹಳೆಯ ಕಾಲದ ಎಂಜಿನ್ ಫೈಬರ್ ದೋಣಿ ಹಾಗಲ್ಲ. ಹೊರಗಿನ ಚಿಪ್ಪು ಫೈಬರ್, ಅದು ಕೊಳೆಯುವುದಿಲ್ಲ. ಆದರೆ ನಾವು ಕಾಲಿಡುವ ನೆಲ ಎಷ್ಟೋ ದೋಣಿಗಳಲ್ಲಿ ಪ್ಲೈವುಡ್. ಅದರ ಕೆಳಗೆ ಉದ್ದಕ್ಕೆ ಮರದ ತೊಲೆಗಳು. ಎಂಜಿನ್ ಕಚ್ಚಿಸುವ ಹಿಂಬದಿಯ ಗೋಡೆಯೊಳಗೂ ಮರ. ಈ ಮರಕ್ಕೆಲ್ಲ ತೆಳುವಾಗಿ ಫೈಬರ್ ಹೊದಿಸಿರುತ್ತಾರೆ. ತೊಲೆಗಳ ನಡುವೆ, ದೋಣಿ ಮುಳುಗದಿರಲಿ ಅಂತ ಫೋಮ್ ತುಂಬಿರುತ್ತಾರೆ.

ಸೀಟು ಕೂರಿಸಲು ಸ್ಕ್ರೂ ಹೊಡೆದ ತೂತು, ಅಂಚಿನಲ್ಲಿ ಬಿಟ್ಟ ಬಿರುಕು, ಇಷ್ಟು ಸಾಕು. ನೀರು ಇಳಿಯುತ್ತದೆ, ಆದರೆ ಹೊರಗೆ ಬರಲು ದಾರಿ ಇಲ್ಲ. ಮರದಲ್ಲಿ ತೇವ ಸುಮಾರು ಶೇಕಡಾ 20 ದಾಟಿ ಹಾಗೇ ನಿಂತರೆ ಬೂಷ್ಟು ಹಿಡಿದು ಮರವನ್ನು ತಿನ್ನತೊಡಗುತ್ತದೆ. ಇನ್ನೊಂದು ವಿಷಯ: ಸಮುದ್ರದ ಉಪ್ಪುನೀರಿಗಿಂತ ಮಳೆಯ ಸಿಹಿನೀರಿನಲ್ಲಿ ಮರ ಬೇಗ ಕೊಳೆಯುತ್ತದೆ. ಹೊಳೆಗೆ ಇಳಿಯದೆ ಮನೆ ಮುಂದೆ ನಿಂತ ದೋಣಿಯೇ ಎಷ್ಟೋ ಸಲ ಮೊದಲು ಹಾಳಾಗುತ್ತದೆ.

ಮರದ ಮೇಲೆ ಫೈಬರ್ ಹೊದಿಸುವುದೇ ತಪ್ಪು ಅಂತ ತಿಳಿಯಬೇಡಿ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರು ಔಷಧಿ ಕುಡಿಸಿದ ರಬ್ಬರ್ ಮರಕ್ಕೆ ಫೈಬರ್ ಹೊದಿಸಿ ದೋಣಿ ಕಟ್ಟಿ ತೋರಿಸಿದ್ದಾರೆ. ಮರ ಒಣಗಿರಬೇಕು, ಎಲ್ಲಾ ಕಡೆ ಮುಚ್ಚಿರಬೇಕು. ಗುಟ್ಟು ಇಷ್ಟೇ.

ಪರೀಕ್ಷೆ ಮಾಡುವುದು ಹೇಗೆ?

1. ಹಿಮ್ಮಡಿಯಿಂದ ಒತ್ತಿ ನಡೆಯಿರಿ. ಎಲ್ಲಿ ಕುಗ್ಗುತ್ತದೋ ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ.
2. ಸುತ್ತಿಗೆಯ ಹಿಡಿಯಿಂದ ತಟ್ಟಿ. ಮಡಕೆ ಕೊಳ್ಳುವಾಗ ತಟ್ಟಿ ನೋಡುವುದಿಲ್ಲವೇ, ಹಾಗೆ. ಗಟ್ಟಿ ಮರ "ಟಣ್" ಅನ್ನುತ್ತದೆ, ಕೊಳೆತದ್ದು "ದಬ್" ಅನ್ನುತ್ತದೆ.
3. ಸಂಶಯ ಇದ್ದಲ್ಲಿ 4–5 ಮಿ.ಮೀ. ತೂತು ಕೊರೆಯಿರಿ. ಬಿಳಿಚಾದ ಒಣ ಪುಡಿ ಬಂದರೆ ಒಳ್ಳೆಯದು. ಕಪ್ಪಾಗಿ, ಒದ್ದೆಯಾಗಿ, ಹುಳಿ ವಾಸನೆ ಬಂದರೆ ಮರ ಹೋಗಿದೆ.
4. ಎಂಜಿನ್ ಕೂರುವ ಹಿಂಬದಿಯ ಗೋಡೆಯನ್ನೂ ಹೀಗೇ ನೋಡಿ. ಅದು ಕೊಳೆತಿದ್ದರೆ ಎಂಜಿನ್ ಕಿತ್ತು ನೀರಿಗೆ ಬೀಳಬಹುದು. ಆಗ ಅದು ಬರೀ ನೆಲದ ಕೆಲಸ ಅಲ್ಲ, ಖರ್ಚಿನ ಲೆಕ್ಕವೇ ಬದಲಾಗುತ್ತದೆ.

ಅನೇಕರು ಮಾಡುವ ತಪ್ಪು ಯಾವುದು ಗೊತ್ತೇ? ಮೆತ್ತಗಾದ ನೆಲದ ಮೇಲೇ ಹೊಸ ಪ್ಲೈವುಡ್ ಬಡಿದು, ಫೈಬರ್ ಹಚ್ಚಿ, ಬಣ್ಣ ಬಳಿಯುತ್ತಾರೆ. ಕೀವು ತೆಗೆಯದೆ ಗಾಯಕ್ಕೆ ಪಟ್ಟಿ ಕಟ್ಟಿದ ಹಾಗಾಯಿತು. ಹಳೆ ತೇವ ಹೊಸ ಹಲಗೆಗೂ ಹತ್ತುತ್ತದೆ. ಸಾಲ ತೀರುವ ಮೊದಲೇ ನೆಲ ಮತ್ತೆ ಕುಗ್ಗುತ್ತದೆ.

ಕೆಲಸದ ಕ್ರಮ

ನಮ್ಮ ಬಳ್ಳಾರಿಯ ಒಣ ಬಿಸಿಲು ಈ ಕೆಲಸಕ್ಕೆ ವರ. ಫೆಬ್ರವರಿಯಿಂದ ಮೇ ಒಳಗೆ ಮುಗಿಸಿ. ರೆಸಿನ್ ಕಲಸುವ ಕೆಲಸ ಮಾತ್ರ ಬೆಳಿಗ್ಗೆ ತಂಪಿನಲ್ಲಿ ಇರಲಿ. 40 ಡಿಗ್ರಿ ಬಿಸಿಲಿನಲ್ಲಿ ಡಬ್ಬಿಯಲ್ಲೇ ಗಟ್ಟಿಯಾಗಿಬಿಡುತ್ತದೆ.

ಮೊದಲು: ಎಂಜಿನ್, ಬ್ಯಾಟರಿ, ಪೆಟ್ರೋಲ್ ಟ್ಯಾಂಕ್ ಹೊರಗಿಡಿ. ಪೆಟ್ರೋಲ್ ವಾಸನೆ ಪೂರ್ತಿ ಹೋಗುವ ತನಕ ಮಷಿನ್ ಹಚ್ಚಬೇಡಿ. ನೆಲ ಕತ್ತರಿಸಿದ ಮೇಲೆ ಚಿಪ್ಪಿಗೆ ಬಲ ಇರುವುದಿಲ್ಲ, ಸೊಟ್ಟಗಾಗುತ್ತದೆ. ಆದ್ದರಿಂದ ದೋಣಿಯ ಕೆಳಗೆ ನಾಲ್ಕಾರು ಕಡೆ ಸಮನಾಗಿ ಆಧಾರ ಕೊಡಿ. ಅಡ್ಡಗಲದ ಅಳತೆಗಳನ್ನು ಬರೆದಿಟ್ಟುಕೊಳ್ಳಿ.

ಎರಡನೆಯದು: ಅಂಚಿನಿಂದ 2–3 ಇಂಚು ಬಿಟ್ಟು ನೆಲ ಕತ್ತರಿಸಿ. ಬ್ಲೇಡು ನೆಲದ ದಪ್ಪದಷ್ಟೇ ಇಳಿಯಲಿ, ಚಿಪ್ಪಿಗೆ ತಾಗಬಾರದು. ತೆಗೆದ ತುಂಡು ಬಿಸಾಡಬೇಡಿ, ಹೊಸದಕ್ಕೆ ಅದೇ ಅಳತೆ. ಅಂಚಿನಲ್ಲಿ ಉಳಿದ ಪಟ್ಟಿಯೂ ಕೊಳೆತಿದ್ದರೆ ಆಮೇಲೆ ಉಜ್ಜಿ ತೆಗೆಯಿರಿ.

ಮೂರನೆಯದು: ಕೊಳೆತ ತೊಲೆ, ನೀರು ಕುಡಿದ ಫೋಮ್ ಎಲ್ಲವನ್ನೂ ಕೆರೆದು ತೆಗೆಯಿರಿ. ಈಗ ಒಣಗಿಸಬೇಕು. ಇಲ್ಲಿ ಆತುರ ಬೇಡ. ರಾತ್ರಿ ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಚ್ಚಿ ಅಂಟಿಸಿ. ಮರುದಿನ ಬಿಸಿಲೇರಿದ ಮೇಲೆ ಹಾಳೆಯ ಒಳಗೆ ಬೆವರಿದ್ದರೆ ತೇವ ಇನ್ನೂ ಇದೆ ಅಂತ ಅರ್ಥ. ಬೆವರುವುದು ನಿಲ್ಲುವ ತನಕ ಒಣಗಿಸಿ.

ನಾಲ್ಕನೆಯದು: ಹಳೆ ಫೈಬರನ್ನು ಹೊಳಪು ಹೋಗುವ ಹಾಗೆ ಉಜ್ಜಿ, ದೂಳು ತೆಗೆದು, ಅಸಿಟೋನ್ ಬಟ್ಟೆಯಿಂದ ಒರೆಸಿ. ರಟ್ಟಿನಲ್ಲಿ ತೊಲೆಯ ಪ್ಯಾಟರ್ನ್ ಕತ್ತರಿಸಿ. ಹೊಲಿಗೆ ಬಲ್ಲ ಸದಸ್ಯೆಯರು ಇದನ್ನು ಬಡಗಿಗಿಂತ ಅಚ್ಚುಕಟ್ಟಾಗಿ ಮಾಡಬಲ್ಲರು. ತೊಲೆಗೆ ಮರೈನ್ ಪ್ಲೈವುಡ್ಡಿನದೇ ಪಟ್ಟಿಗಳನ್ನು ಜೋಡಿಸಿ ಅಂಟಿಸಿದರೆ ಒಳ್ಳೆಯದು. ತೇಗ ದುಬಾರಿ ಮಾತ್ರವಲ್ಲ, ಅದರಲ್ಲಿ ಎಣ್ಣೆ ಇರುವುದರಿಂದ ರೆಸಿನ್ ಸರಿಯಾಗಿ ಹಿಡಿಯುವುದಿಲ್ಲ. ತೊಲೆಯ ಬುಡದಲ್ಲಿ ನೀರು ಹಿಂದಕ್ಕೆ ಹರಿಯಲು ಸಣ್ಣ ದಾರಿ ಬಿಡಿ, ಆ ದಾರಿಯ ಒಳಮೈಗೂ ರೆಸಿನ್ ಹಚ್ಚಿ. ತೊಲೆ ಕೂರಿಸಿ ಎರಡೂ ಮಗ್ಗುಲಿಗೆ ಗ್ಲಾಸ್ ಮ್ಯಾಟ್ ಪಟ್ಟಿ ಹಚ್ಚಿ ಚಿಪ್ಪಿಗೆ ಬೆಸೆಯಿರಿ.

ಐದನೆಯದು: ತೆಗೆದ ಫೋಮಿನ ಬದಲಿಗೆ ತೇಲಿಸುವ ಏನಾದರೂ ಇಡಲೇಬೇಕು. ಇದನ್ನು ಬಹಳ ಜನ ಮರೆಯುತ್ತಾರೆ. ಬಿಗಿಯಾಗಿ ಮುಚ್ಚಿದ 20 ಲೀಟರಿನ ಖಾಲಿ ಕ್ಯಾನ್ ಸುಮಾರು 19 ಕೆಜಿ ಭಾರ ತೇಲಿಸುತ್ತದೆ. ನೀರು ಕುಡಿಯದ ಫೋಮ್ ಹಲಗೆಯೂ ಆದೀತು. ಥರ್ಮೋಕೋಲ್ ಬೇಡ, ರೆಸಿನ್ ಅಥವಾ ಪೆಟ್ರೋಲ್ ತಾಗಿದರೆ ಕರಗಿಹೋಗುತ್ತದೆ.

ಆರನೆಯದು: ಹೊಸ ನೆಲ. 12 ಮಿ.ಮೀ. ಮರೈನ್ ಪ್ಲೈವುಡ್ ತನ್ನಿ. ಅದರ ಮೇಲೆ ಐ.ಎಸ್. 710 ಅನ್ನೋ ಮುದ್ರೆ ಇರಬೇಕು. ಐ.ಎಸ್. 303 ಅಂದರೆ ಮನೆ ಕಪಾಟಿನದು. ಸಂಶಯ ಬಂದರೆ ಒಂದು ಚೂರನ್ನು ಹಳೆ ಡಬ್ಬಿಯಲ್ಲಿ ಹಾಕಿ ಹೊರಗೆ ಒಲೆ ಹೂಡಿ ಗಂಟೆಗಟ್ಟಲೆ ಕುದಿಸಿ. ಪದರ ಬಿಟ್ಟರೆ ಅಂಗಡಿಗೆ ವಾಪಸ್ ಒಯ್ಯಿರಿ. ಕೂರಿಸುವ ಮೊದಲು ಹಲಗೆಯ ಕೆಳಮೈಗೆ ಮ್ಯಾಟ್ ಹಚ್ಚಿ, ನಾಲ್ಕೂ ಅಂಚುಗಳಿಗೆ ಎರಡು ಸಲ ರೆಸಿನ್ ಕುಡಿಸಿ. ಪ್ಲೈವುಡ್ ನೀರು ಕುಡಿಯುವುದು ಹೆಚ್ಚಾಗಿ ಅಂಚಿನಿಂದಲೇ. ಎರಡು ಹಲಗೆ ಸೇರುವ ಜಾಗ ತೊಲೆಯ ಮೇಲೇ ಬರಲಿ. ಸ್ಟೀಲ್ ಸ್ಕ್ರೂ ಹಾಕಿ. ಅಂಚಿನ ಸಂದಿಗೆ ರೆಸಿನ್ ಪುಟ್ಟಿ ಮೆತ್ತಿ, ಮೇಲೆ ಎರಡು ಪದರ ಮ್ಯಾಟ್ ಹಚ್ಚಿ, ರೋಲರಿನಿಂದ ಗಾಳಿಗುಳ್ಳೆ ತೆಗೆಯಿರಿ.

ಏಳನೆಯದು: ಸೀಟು ಕೂರಿಸುವಾಗ ತೂತನ್ನು ಬೇಕಾದ್ದಕ್ಕಿಂತ ದೊಡ್ಡದಾಗಿ ಕೊರೆದು, ರೆಸಿನ್ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸ್ಕ್ರೂ ತೂತು ಕೊರೆಯಿರಿ. ಆಗ ಸ್ಕ್ರೂ ಮರಕ್ಕೆ ತಾಗುವುದೇ ಇಲ್ಲ. ಹಳೆ ನೆಲ ಕೊಳೆತದ್ದು ಇಂಥ ತೂತುಗಳಿಂದ ಅನ್ನೋದು ನೆನಪಿರಲಿ.

ಸಾಮಾನಿನ ಲೆಕ್ಕ ಹಾಕೋಣ

ನೆಲ 8 ಅಡಿ ಉದ್ದ, 5 ಅಡಿ ಅಗಲ ಇದೆ ಅಂತ ಇಟ್ಟುಕೊಳ್ಳಿ. 40 ಚದರ ಅಡಿ, ಅಂದರೆ ಸುಮಾರು 3.7 ಚದರ ಮೀಟರ್. ಪ್ಲೈವುಡ್ ಹಾಳೆ 8 ಅಡಿಗೆ 4 ಅಡಿ, 32 ಚದರ ಅಡಿ. ಆದ್ದರಿಂದ ಎರಡು ಹಾಳೆ ಬೇಕು, ಉಳಿದದ್ದು ತೊಲೆಗೆ ಬರುತ್ತದೆ.

ಮ್ಯಾಟ್ ಕೆಳಗೆ ಒಂದು, ಮೇಲೆ ಎರಡು, ಒಟ್ಟು ಮೂರು ಪದರ. 3.7 × 3 = 11.1 ಚದರ ಮೀಟರ್. ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟ್ ಆದರೆ ಸುಮಾರು 5 ಕೆಜಿ. ಅಂಚಿನ ಪಟ್ಟಿ ಸೇರಿ 6 ಕೆಜಿ ಹಿಡಿಯಿರಿ. ಮ್ಯಾಟಿನ ತೂಕದ ಎರಡೂವರೆ ಪಟ್ಟು ರೆಸಿನ್ ಬೇಕು, ಅಂದರೆ 15 ಕೆಜಿ. ಮರಕ್ಕೆ ಕುಡಿಸಲು, ಪುಟ್ಟಿಗೆ ಇನ್ನು 4 ಕೆಜಿ ಸೇರಿಸಿ, 19 ಕೆಜಿ. ಪಾಲಿಯೆಸ್ಟರ್ ರೆಸಿನ್‌ಗೆ ಕೆಜಿಗೆ 10ರಿಂದ 20 ಮಿ.ಲೀ. ಹಾರ್ಡ್‌ನರ್. 15ರಂತೆ ಹಿಡಿದರೆ 300 ಮಿ.ಲೀ. ಸಾಕು. ಕಲಸುವಾಗ ಒಂದು ಸಲಕ್ಕೆ ಅರ್ಧ ಕೆಜಿ ಮೀರಬೇಡಿ. ಎಪಾಕ್ಸಿ ರೆಸಿನ್ ಮರಕ್ಕೆ ಇನ್ನೂ ಗಟ್ಟಿಯಾಗಿ ಅಂಟುತ್ತದೆ, ಆದರೆ ಬೆಲೆ ಹೆಚ್ಚು. ಅದಕ್ಕೆ ಮ್ಯಾಟ್ ಬದಲು ನೇಯ್ದ ಗ್ಲಾಸ್ ಬಟ್ಟೆ ಬೇಕು, ಹಾರ್ಡ್‌ನರ್ ಅಳತೆಯೂ ಬೇರೆ, ಡಬ್ಬಿ ಮೇಲೆ ಬರೆದಂತೆ. ದರವನ್ನು ಎರಡು ಅಂಗಡಿಯಲ್ಲಿ ಕೇಳಿ ಬರೆದುಕೊಳ್ಳಿ.

ಎಚ್ಚರಿಕೆ, ದಯವಿಟ್ಟು ಗಟ್ಟಿಯಾಗಿ ಓದಿ

* ಪಾಲಿಯೆಸ್ಟರ್ ರೆಸಿನ್ ಜೊತೆ ಹಾರ್ಡ್‌ನರ್ ಮತ್ತು ಕೋಬಾಲ್ಟ್ ಅಂತ ಎರಡು ಬಾಟಲಿ ಕೊಟ್ಟರೆ ಅವೆರಡನ್ನೂ ನೇರವಾಗಿ ಎಂದೂ ಸೇರಿಸಬೇಡಿ. ಬೆಂಕಿ ಹತ್ತಿ ಸಿಡಿಯುತ್ತದೆ. ಕೋಬಾಲ್ಟ್ ಮೊದಲೇ ಬೆರೆಸಿದ ರೆಸಿನ್ ಕೇಳಿ ತನ್ನಿ.
* ಹಾರ್ಡ್‌ನರ್ ಕಣ್ಣಿಗೆ ಬಿದ್ದರೆ ದೃಷ್ಟಿ ಹೋಗಬಹುದು. ಕನ್ನಡಕ ಹಾಕಿ. ಬಿದ್ದರೆ ಕೂಡಲೇ 15 ನಿಮಿಷಕ್ಕೂ ಹೆಚ್ಚು ಹೊತ್ತು ನೀರು ಹಾಕುತ್ತಾ ತೊಳೆದು ಆಸ್ಪತ್ರೆಗೆ ಓಡಿ.
* ಸೆರಗು, ದುಪಟ್ಟಾ ರೆಸಿನ್ ಹೊಗೆ ತಡೆಯುವುದಿಲ್ಲ. ಫಿಲ್ಟರ್ ಇರುವ ಮುಖಗವಸು ಬೇಕು. ಕೆಲಸ ಗಾಳಿಯಾಡುವ ಬಯಲಲ್ಲಿ ಇರಲಿ. ಗರ್ಭಿಣಿಯರು, ಮಕ್ಕಳು ಹತ್ತಿರ ಬರಬಾರದು. ಒಲೆ, ಬೀಡಿ ದೂರ.
* ಗ್ಲಾಸ್ ದೂಳು ಮೈ ಕಡಿಯುತ್ತದೆ. ತುಂಬುತೋಳಿನ ಅಂಗಿ, ಕೈಗವಸು ಹಾಕಿ. ಮೊದಲು ತಣ್ಣೀರಿನಲ್ಲಿ ತೊಳೆಯಿರಿ.
* ಕಲಸಿ ಉಳಿದ ರೆಸಿನ್ ಡಬ್ಬಿ ಕೆಂಡದಂತೆ ಕಾಯುತ್ತದೆ. ಕಸದ ಬುಟ್ಟಿಗೆ ಹಾಕದೆ ಬಯಲಲ್ಲಿ ಬಿಡಿ.

ಸಂಘ ಏನು ಮಾಡಬೇಕು?

ಹೊರಗಿನಿಂದ ನೋಡಿ ಎಷ್ಟು ಖರ್ಚಾಗುತ್ತದೆ ಅಂತ ಹೇಳಲು ಯಾರಿಗೂ ಆಗುವುದಿಲ್ಲ. ಆದ್ದರಿಂದ ಸಾಲವನ್ನು ಎರಡು ಕಂತಿನಲ್ಲಿ ಕೊಡಿ. ಮೊದಲ ಕಂತು ನೆಲ ತೆರೆಯಲು, ಒಣಗಿಸಲು. ತೆರೆದ ಮೇಲೆ ಇಬ್ಬರು ಸದಸ್ಯೆಯರು ಹೋಗಿ ನೋಡಲಿ. ತೊಲೆ ಎಷ್ಟು ಹೋಗಿದೆ, ಹಿಂಬದಿ ಗೋಡೆ ಹೇಗಿದೆ ಅಂತ ನಡಾವಳಿ ಪುಸ್ತಕದಲ್ಲಿ ಬರೆಯಲಿ. ಆಗ ನಿಜವಾದ ಲೆಕ್ಕ ಸಿಗುತ್ತದೆ. ಎರಡನೇ ಕಂತು ಸಾಮಾನಿಗೆ, ಪ್ಲಾಸ್ಟಿಕ್ ಹಾಳೆ ಬೆವರುವುದು ನಿಂತ ಮೇಲೆ. ತೆರೆದು ನೋಡಿ "ಇದು ಆಗದ ಕೆಲಸ" ಅಂತ ತಿಳಿದರೆ, ನಷ್ಟ ಮೊದಲ ಕಂತಿಗೇ ನಿಂತಿತು. ಅದೂ ಲಾಭವೇ.

ಎಂಜಿನ್ ದೋಣಿಗೆ ಕಾಗದಪತ್ರವೂ ಬೇಕು. 1917ರ ಹಳೆ ಕಾಯ್ದೆಯ ಬದಲು ಒಳನಾಡು ಹಡಗುಗಳ ಕಾಯ್ದೆ 2021ರಲ್ಲಿ ಬಂದಿದೆ. ನೋಂದಣಿ, ತಪಾಸಣೆ ವಿಚಾರಿಸದೆ ಜನರನ್ನು ಹತ್ತಿಸಬೇಡಿ. ಕೆಲಸ ಮುಗಿದ ಮೇಲೆ ದಂಡೆಯ ಬಳಿ ಮೊಣಕಾಲುದ್ದ ನೀರಿನಲ್ಲಿ ಮರಳಿನ ಚೀಲ ಹೇರಿ ಒಂದು ದಿನ ಬಿಟ್ಟು ನೋಡಿ. ಹತ್ತುವ ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್ ಇರಲಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿಹೋದಾಗ ಹೊಳೆ ಹೇಗೆ ಒಮ್ಮೆಗೇ ಏರುತ್ತದೆ ಅಂತ ನಾವೆಲ್ಲ ಕಂಡಿದ್ದೇವೆ. ಅಂಥ ನೀರಿನಲ್ಲಿ ಕಾಲಡಿಯ ಹಲಗೆ ಕುಸಿದರೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ.

ದೋಣಿ ಉಪಯೋಗಿಸದ ದಿನ ತಳದ ಬಿರಡೆ ತೆಗೆದು, ಮೂತಿ ಸ್ವಲ್ಪ ಮೇಲೆತ್ತಿ, ತಾಡಪಾಲು ಹೊದಿಸಿ ಇಡಿ. ಖರ್ಚಿಲ್ಲದ ಈ ಅಭ್ಯಾಸವೇ ಹೊಸ ನೆಲವನ್ನು ಕಾಯುತ್ತದೆ.

ಸಭೆಯಲ್ಲಿ ಚರ್ಚಿಸಿ

1. ನೋಡಲು ಚೆನ್ನಾಗಿದ್ದು ಒಳಗೆ ಹಾಳಾದ ಸಾಮಾನಿಗೆ ನಮ್ಮ ಸಂಘ ಎಂದಾದರೂ ಸಾಲ ಕೊಟ್ಟಿದೆಯೇ? ಆಗ ಏನನ್ನು ಪರೀಕ್ಷಿಸಬೇಕಿತ್ತು?
2. ಎರಡು ಕಂತಿನ ಸಾಲದ ನಿಯಮವನ್ನು ಮನೆ ರಿಪೇರಿ, ಹಳೆ ಆಟೋ, ಹಳೆ ಮಷಿನ್ ಸಾಲಕ್ಕೂ ತರಬಹುದೇ? ಠರಾವು ಬರೆಯಿರಿ.
3. ನೆಲದ ಅಳತೆ 6 ಅಡಿ × 4 ಅಡಿ ಆದರೆ ಮ್ಯಾಟ್, ರೆಸಿನ್ ಎಷ್ಟು ಬೇಕು? ಒಬ್ಬೊಬ್ಬರೂ ಲೆಕ್ಕ ಮಾಡಿ ಮುಂದಿನ ಸಭೆಗೆ ತನ್ನಿ.
4. ಮನೆಗೆ ಹೋಗಿ ಸಿಂಕಿನ ಕೆಳಗಿನ ಕಪಾಟಿನ ಹಲಗೆ ತಟ್ಟಿ ನೋಡಿ. "ಟಣ್" ಅಂದಿತೋ, "ದಬ್" ಅಂದಿತೋ?